ಎದುರು ಮನೆಯವಳಿಗೆ ದೊಡ್ಡ ರಂಗೋಲಿ

ಅಟ್ಟೂರಿನ ನಮ್ಮ ಬೀದಿಯಲ್ಲಿ ಬೆಳಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವವಳು ನಾನೊಬ್ಬಳೇ ಉಳಿದಿದ್ದೆ. ಬೇರೆ ಮನೆಗಳ ಮುಂದೆಯೂ ರಂಗೋಲಿ ಇರುತ್ತಿತ್ತು, ಆದರೆ ಅಂಗಡಿಯಿಂದ ತಂದು ಅಂಟಿಸಿದ ಸ್ಟಿಕ್ಕರು. ವರ್ಷವೆಲ್ಲ ಅದೇ ಎರಡು ನವಿಲು. ನಾನು ಬಿಟ್ಟ ರಂಗೋಲಿಯ ಮೇಲೆ ಮೊದಲು ಹಾಯುತ್ತಿದ್ದುದು ನನ್ನ ಮಗನ ಸ್ಕೂಟರೇ. ಅವನು ಕಾರ್ಖಾನೆಗೆ, ಹಿಂದೆಯೇ ಸೊಸೆ ಬ್ಯಾಂಕಿಗೆ, ಆಮೇಲೆ ಮೊಮ್ಮಗಳು ಕಾಲೇಜಿಗೆ. ಅಲ್ಲಿಂದ ಸಂಜೆಯವರೆಗೆ ಮನೆಯಲ್ಲಿ ನಾನು ಮತ್ತು ಫ್ರಿಜ್ಜು. ಅದು ಆಗಾಗ ಗುರ್ ಎನ್ನುತ್ತಿತ್ತು. ನಾನು ‘ಏನಮ್ಮಾ’ ಎನ್ನುತ್ತಿದ್ದೆ. ಅಷ್ಟರಮಟ್ಟಿಗೆ ನಮ್ಮಿಬ್ಬರಲ್ಲಿ ಮಾತುಕತೆ ಇತ್ತು.

ಹಿಂದೆ ಹೀಗಿರಲಿಲ್ಲ. ಎದುರು ಮನೆಯಲ್ಲಿ ಅವಳಿದ್ದಳು. ನಾನು ಹುಣಸಮಾರನಹಳ್ಳಿಯಿಂದ ಮದುವೆಯಾಗಿ ಈ ಊರಿಗೆ ಬಂದ ಮರುದಿನವೇ ಅವಳು ತನ್ನ ಬಾಗಿಲಿನಿಂದ ನನ್ನ ರಂಗೋಲಿಯನ್ನು ನೋಡಿ, ತನ್ನದನ್ನು ಅಳಿಸಿ ಇನ್ನೂ ದೊಡ್ಡದು ಬಿಟ್ಟಳು. ಆವತ್ತೇ ನಾವು ಸ್ನೇಹಿತೆಯರಾದೆವು. ಧನುರ್ಮಾಸ ಬಂದರೆ ಪೈಪೋಟಿ. ನಾನು ಮೊದಲು ಸುಮ್ಮನೆ ಒಂದಿಷ್ಟು ಚುಕ್ಕಿ ಇಟ್ಟು ಒಳಗೆ ಹೋಗಿ ಕಿಟಕಿಯ ಮರೆಯಲ್ಲಿ ನಿಲ್ಲುತ್ತಿದ್ದೆ. ಅವಳು ಆ ಚುಕ್ಕಿಗಳನ್ನು ಎಣಿಸಿ, ಇಂಥದೇ ರಂಗೋಲಿ ಎಂದು ಊಹಿಸಿ, ಅದಕ್ಕಿಂತ ಹೆಚ್ಚಿನದನ್ನು ಶುರುಮಾಡಿದ ಮೇಲೆ ನಾನು ಹೊರಗೆ ಬಂದು ಚುಕ್ಕಿಯನ್ನೆಲ್ಲ ಗುಡಿಸಿ ಬೇರೆಯದು ಬಿಡುತ್ತಿದ್ದೆ.

“ಏನೇ, ಇವತ್ತು ತಾವರೆ ಬಾಡೋಗೈತೆ?” ಎಂದು ಅವಳು ಬೀದಿ ದಾಟಿ ಬರುತ್ತಿದ್ದಳು.

“ನಿನ್ನ ನವಿಲ್ಗಿಂತ ವಾಸಿ ಬಿಡೇ. ಅದು ಕೋಳಿ ಅಂದ್ಕೊಂಡು ಬೆಕ್ಕು ಬಂದು ಕಾಯ್ತಾ ಕುಂತದೆ.”

ಅವಳ ಮನೆ ಕೆಡವಿ ಅಲ್ಲಿ ಬಾಡಿಗೆ ಕಟ್ಟಡ ಎದ್ದಿತು. ಕೆಳಗೆಲ್ಲ ಬೈಕು ನಿಲ್ಲಿಸುವ ಜಾಗ. ಅವಳು ಮಗಳ ಜೊತೆ ಶೆಟ್ಟಿಹಳ್ಳಿಗೆ ಹೋದಳು, ಮೂರನೇ ಮಹಡಿಯ ಮನೆಗೆ. ಹೊಸಿಲಾಚೆ ಎಲ್ಲರಿಗೂ ಸೇರಿದ ನುಣುಪು ಟೈಲ್ಸು. ಪುಡಿ ಬಿಟ್ಟರೆ ಪಕ್ಕದ ಮನೆಯವರು ಕಾಲಿಗೆ ಮೆತ್ತುತ್ತದೆ ಎನ್ನುತ್ತಾರಂತೆ. ಮೊದಮೊದಲು ದಿನಾ ಫೋನು ಮಾಡುತ್ತಿದ್ದೆ. ಆಮೇಲೆ ಅವಳ ಮಗಳ ದನಿಯಲ್ಲಿ ಸ್ವಲ್ಪ ಅವಸರ ಕೇಳಿಸತೊಡಗಿತು, ಕಡಿಮೆ ಮಾಡಿದೆ. ಮೊಮ್ಮಗಳು ತನ್ನ ಹಳೆಯ ಫೋನು ಕೊಟ್ಟು ಕನ್ನಡದಲ್ಲಿ ಟೈಪು ಮಾಡುವುದನ್ನು ಕಲಿಸಿದ್ದು ಆಗಲೇ. ಒತ್ತಕ್ಷರ ಕೈಗೆ ಹತ್ತಲು ಬಹಳ ದಿನ ಹಿಡಿಯಿತು. ಆದರೂ ಇಷ್ಟವಾಯಿತು. ಮಾತಾಡುವುದಕ್ಕೆ ಆ ಕಡೆ ಯಾರಾದರೂ ಎತ್ತಬೇಕು, ಟೈಪು ಮಾಡುವುದಕ್ಕೆ ಯಾರೂ ಬೇಕಾಗಿಲ್ಲ.

ಒಂದು ಮಧ್ಯಾಹ್ನ ಅವಳೇ ಫೋನು ಮಾಡಿದಳು.

“ಕಣ್ಣು ಓಯ್ತಾ ಐತೆ ಕಣೆ,” ಎಂದಳು. “ಆಪ್ರೇಶನ್ ಮಾಡೋ ಪೊರೆ ಅಲ್ವಂತೆ. ಒಳಗಿನ ಪರದೆನೇ ಸವೆದೋಗೈತಂತೆ. ನಿನ್ನ ಮುಖ ನೋಡಿದ್ರೆ ಕಿವಿ ಕಾಣ್ತದೆ, ಮೂಗು ಇರೋ ಕಡೆ ಯಾರೋ ಬೆರಳಲ್ಲಿ ಒರೆಸ್ದಂಗೆ.”

“ನನ್ನ ಮೂಗು ನೋಡದಿದ್ರೆ ನಷ್ಟ ಇಲ್ಲ ಬಿಡು.”

ಅವಳು ನಗಲಿಲ್ಲ. “ಪೂರ್ತಿ ಓಗೋದ್ರೊಳಗೆ ನಮ್ ರಂಗೋಲಿನೆಲ್ಲ ಒಂದ್ಸಲ ನೋಡ್ಬೇಕು ಕಣೆ. ಮಗ್ಳು ಫೋನಲ್ಲಿ ಯಾವ್ಯಾವ್ದೋ ತೋರಿಸ್ತಾಳೆ. ಎಲ್ಲಾ ಒಂದೇ ಬಿಳೀ ಮುದ್ದೆ. ದಪ್ಪಕ್ಕೆ, ದೊಡ್ಡದಾಗಿ, ಅಂಚು ಕುಯ್ದಂಗಿದ್ರೆ ಓರೆಗಣ್ಣಲ್ಲಿ ಕಾಣ್ತದೆ.”

“ಬರ್ಕೊಂಡು ತರ್ತೀನಿ, ಇರು,” ಎಂದೆ. ಫೋನಿಟ್ಟ ಮೇಲೆ ನನಗೆ ಮಾಡಲು ಒಂದು ಕೆಲಸವಿತ್ತು. ಎಷ್ಟೋ ತಿಂಗಳ ಮೇಲೆ.

ಹಾಳೆಯ ಮೇಲೆ ಪೆನ್ನಿನಲ್ಲಿ ಬರೆದೆ. ಫೋನಿನಲ್ಲಿ ಫೋಟೋ ತೆಗೆದೆ. ಮೊಮ್ಮಗಳು ವರ್ಡ್ ಫೈಲೊಂದನ್ನು ತೆರೆದುಕೊಟ್ಟಳು. ಅದರಲ್ಲಿ ಒಂದೊಂದು ರಂಗೋಲಿಗೂ ಎಷ್ಟು ಚುಕ್ಕಿ, ಎಷ್ಟು ಸಾಲು, ಯಾವ ಹಬ್ಬಕ್ಕೆ ಬಿಟ್ಟದ್ದು, ಆ ದಿನ ಅವಳು ಏನೆಂದು ಅಣಕಿಸಿದ್ದಳು ಎಂಬುದನ್ನೆಲ್ಲ ಟೈಪು ಮಾಡಿ ಕೆಳಗೆ ಫೋಟೋ ಸೇರಿಸಿದೆ. ನನ್ನ ಪ್ರಕಾರ ಪುಸ್ತಕ ಮುಗಿದಿತ್ತು. ಯಲಹಂಕ ಉಪನಗರದಲ್ಲಿ ಜೆರಾಕ್ಸು, ಡಿಟಿಪಿ ಮಾಡುವ ಸಣ್ಣ ಅಂಗಡಿಯೊಂದಿತ್ತು. ಅಲ್ಲಿಗೆ ಒಯ್ದು, ಒಂದು ರಂಗೋಲಿ ಒಂದು ಪುಟ ತುಂಬುವಷ್ಟು ದೊಡ್ಡದಾಗಿ ಬರಲಿ ಎಂದೆ.

ಬಂತು. ನೀರು ಚೆಲ್ಲಿದ ರಂಗೋಲಿಯ ಹಾಗೆ ಬಂತು. ಗೆರೆಯ ಅಂಚೆಲ್ಲ ಮೆಟ್ಟಿಲು ಮೆಟ್ಟಿಲು, ಸುತ್ತ ಬೂದಿ ಬಣ್ಣದ ಕೊಳೆ.

ಅಂಗಡಿಯಲ್ಲಿದ್ದವಳು ಧಾರವಾಡದ ಕಡೆಯ ಹೆಂಗಸು, ಗಂಡನ ಕೆಲಸಕ್ಕೆಂದು ಈ ಕಡೆ ಬಂದವಳು. ನನ್ನ ಮುಖ ನೋಡಿ ಸ್ಟೂಲು ಎಳೆದಳು.

“ಕೂಡ್ರಿ ಅಜ್ಜಿ. ಫೋಟೋ ಅಂದ್ರ ಬರೇ ಬಣ್ಣದ ಕಾಳು ನೋಡ್ರಿ. ಸಣ್ಣಂಗ ಇದ್ದಾಗ ಕಾಳು ಕಾಣಂಗಿಲ್ಲ. ನೀವು ಹಿಗ್ಗಿಸಿದ್ರಿ, ಕಾಳೂ ಹಿಗ್ಗಿದ್ವು.”

“ಮತ್ತೆ ದೊಡ್ಡದು ಮಾಡೋದು ಹೇಗಮ್ಮ?”

“ಫೋಟೋ ಬ್ಯಾಡ್ರಿ. ಗೆರಿ ಚಿತ್ರ ಮಾಡೂಣು. ಈ ಚುಕ್ಕಿ ಎಲ್ಲೈತಿ, ಅಲ್ಲಿಂದ ಆ ಚುಕ್ಕಿಗೆ ಗೆರಿ ಹೆಂಗ ಬಾಗಿ ಹೋಗತೈತಿ, ಅಷ್ಟಽ ಕಂಪ್ಯೂಟರ್ ನೆನಪಿಡತೈತಿ. ಸಣ್ಣದು ಕೇಳಿದ್ರ ಸಣ್ಣದು ಹೊಸದಾಗಿ ಬರೀತೈತಿ, ದೊಡ್ಡದು ಕೇಳಿದ್ರ ದೊಡ್ಡದು. ಕೆಡಂಗಿಲ್ರಿ.”

ನನಗೆ ನಗು ಬಂತು. “ನಾವೂ ಹಾಗೇ ಅಲ್ವೇನೇ ಬಿಡೋದು? ಅಡುಗೆಮನೆ ಕಟ್ಟೆ ಮೇಲೆ ಅಂಗೈಯಷ್ಟು, ಅಂಗಳದಲ್ಲಿ ಚಾಪೆಯಷ್ಟು. ಚುಕ್ಕಿ ಗೊತ್ತಿದ್ರೆ ಆಯ್ತು. ಇದನ್ನ ಕಂಪ್ಯೂಟರಿಗೆ ಕಲಿಸೋಕೆ ಇಷ್ಟು ವರ್ಷ ಬೇಕಾಯ್ತಾ?”

“ನಿಮ್ಮನ್ನ ಕೇಳಬೇಕಿತ್ರಿ ಅವರು,” ಎಂದಳು.

ಅಲ್ಲಿಂದ ನಾನು ಮಧ್ಯಾಹ್ನದ ಹೊತ್ತು ಅಂಗಡಿಯಲ್ಲಿ ಗಿರಾಕಿ ಕಡಿಮೆಯಿರುವಾಗ ಹೋಗಿ ಕೂರತೊಡಗಿದೆ. ಅವಳು ನನ್ನ ಹಾಳೆಯನ್ನು ಸ್ಕ್ಯಾನು ಮಾಡಿ ಕಂಪ್ಯೂಟರಿನ ತೆರೆಯ ಮೇಲೆ ತಂದುಕೊಂಡು, ಮೌಸು ಎಂಬ ಇಲಿ ಹಿಡಿದು, ಚುಕ್ಕಿಯಿಂದ ಚುಕ್ಕಿಗೆ ಗೆರೆ ಎಳೆಯುತ್ತಿದ್ದಳು. ಗೆರೆಯ ಎರಡು ಪಕ್ಕ ಪುಟ್ಟ ಮೀಸೆಯಂಥ ಹಿಡಿಗಳು ಬರುತ್ತಿದ್ದವು. ಅವನ್ನು ಎಳೆದರೆ ಗೆರೆ ಬಾಗುತ್ತಿತ್ತು. “ಹೊಟ್ಟೆ ಜಾಸ್ತಿ ಆಯ್ತು, ಒಳಗೆ ಎಳಿ,” “ದಳ ಅಷ್ಟು ಚೂಪು ಬೇಡ, ನನ್ನ ಸ್ನೇಹಿತೆ ನಾಲಗೆ ಆಗ್ತದೆ,” ಎಂದು ನಾನು ಹೇಳುತ್ತಿದ್ದೆ. ಅವಳು ನಗುತ್ತ ಎಳೆಯುತ್ತಿದ್ದಳು. ಒಮ್ಮೊಮ್ಮೆ ಬೇಕೆಂದೇ ಸರಿಯಿದ್ದ ಗೆರೆಯನ್ನೂ ಸರಿಯಿಲ್ಲ ಎನ್ನುತ್ತಿದ್ದೆ. ಬೇಗ ಮುಗಿದರೆ ಮನೆಗೆ ಹೋಗಬೇಕಾಗುತ್ತಿತ್ತು.

ಬರೆದದ್ದನ್ನು ವರ್ಡ್ ಫೈಲಿಗೆ ಸೇರಿಸುವುದರಲ್ಲೂ ಒಂದು ಸೂಕ್ಷ್ಮವಿತ್ತು. ಅಲ್ಲಿ ನಕಲು ಮಾಡಿ ಇಲ್ಲಿ ಅಂಟಿಸಿದರೆ ಒಮ್ಮೊಮ್ಮೆ ಅದು ಮತ್ತೆ ಫೋಟೋ ಆಗಿಬಿಡುತ್ತದಂತೆ. ಗೆರೆ ಚಿತ್ರವಾಗಿಯೇ ಬೇರೆ ಫೈಲು ಮಾಡಿ, ಚಿತ್ರ ಸೇರಿಸುವ ಕಡೆಯಿಂದ ಒಳಗೆ ತರಬೇಕು. ಅವಳು ಮೊದಲು ಎಸ್‌ವಿಜಿ ಎಂಬ ಬಗೆಯಲ್ಲಿ ಮಾಡಿದಳು. ಅವಳ ಕಂಪ್ಯೂಟರಿನ ವರ್ಡ್ ಹಳೆಯದು, ಅದನ್ನು ತೆಗೆದುಕೊಳ್ಳಲಿಲ್ಲ. ಇಎಂಎಫ್ ಎಂಬ ಇನ್ನೊಂದು ಬಗೆಯಲ್ಲಿ ಮಾಡಿದಾಗ ಒಳಗೆ ಬಂತು. ಮೂಲೆ ಹಿಡಿದು ಹಿಗ್ಗಿಸಿ ತೋರಿಸಿದಳು. ತೆರೆಯ ತುಂಬ ಒಂದೇ ದಳ ಬರುವಷ್ಟು ದೊಡ್ಡದು ಮಾಡಿದರೂ ಅಂಚು ಬ್ಲೇಡಿನಲ್ಲಿ ಕೊಯ್ದ ಹಾಗೆಯೇ ಇತ್ತು. ನಾನು ತೆರೆಯ ಹತ್ತಿರ ಹೋಗಿ, ಕನ್ನಡಕ ಎತ್ತಿ ನೋಡಿದೆ. ಶೆಟ್ಟಿಹಳ್ಳಿಯವಳು ಕೇಳಿದ್ದು ಇಂಥದನ್ನೇ.

ಎಲ್ಲ ಮುಗಿದ ಮೇಲೆ, ನಾನು ಟೈಪು ಮಾಡಿದ್ದರಲ್ಲಿ ತಪ್ಪಿದ್ದರೆ ನೋಡಲೆಂದು ಧಾರವಾಡದವಳು ಫೈಲನ್ನು ನನ್ನ ಫೋನಿಗೆ ಕಳಿಸಿದಳು. ಮನೆಯಲ್ಲಿ ಒಬ್ಬಳೇ ಕೂತು ಪುಟ ಪುಟ ನೋಡಿದೆ. ದೀಪಾವಳಿಯ ರಂಗೋಲಿಯಲ್ಲಿ ಒಂದು ಕಡೆ ಗೆರೆ ಕೂಡಿರಲಿಲ್ಲ. ಕೂದಲೆಳೆಯಷ್ಟು ಸಂದು. ಬಾಗಿಲ ಮುಂದಿನ ರಂಗೋಲಿಯಲ್ಲಿ ಗೆರೆ ಬಿಟ್ಟುಕೊಂಡಿದ್ದರೆ ಮನೆಯ ಒಳ್ಳೆಯದೆಲ್ಲ ಅಲ್ಲಿಂದ ಹರಿದುಹೋಗುತ್ತದೆ ಎಂದು ನಮ್ಮಮ್ಮ ಕೈಗೆ ಹೊಡೆದು ಕಲಿಸಿದ್ದಳು. ಅದೂ ಕಣ್ಣು ಹೋಗುತ್ತಿರುವವಳ ಮನೆಗೆ ಇಂಥದನ್ನು ಒಯ್ಯುವುದೆ? ಫೋನಿನಲ್ಲಿ ಬೆರಳಿಂದ ಗೆರೆ ಎಳೆಯುವ ಪೆನ್ಸಿಲಿನ ಗುರುತೊಂದಿತ್ತು. ಅದನ್ನು ಒತ್ತಿ, ಬೆರಳಿಂದ ಆ ಸಂದನ್ನು ಮುಚ್ಚಿದೆ. ಉಳಿಸಲೇ ಎಂದು ಕೇಳಿತು, ಹೂಂ ಎಂದೆ. ವಾಪಸು ಕಳಿಸಿದೆ. ಫೋನಿನ ಸಣ್ಣ ತೆರೆಯಲ್ಲಿ ಎಲ್ಲ ಚೆನ್ನಾಗಿಯೇ ಕಾಣುತ್ತಿತ್ತು.

ಪುಟಗಳನ್ನು ತರಲು ಹೋದ ದಿನ ಅಂಗಡಿಯ ತುಂಬ ಕಾಲೇಜು ಮಕ್ಕಳು, ಪ್ರಾಜೆಕ್ಟು ವರದಿಗಳ ಗಲಾಟೆ. ಅವಳು ನಾನು ಕಳಿಸಿದ ಫೈಲನ್ನೇ ಪ್ರಿಂಟಿಗೆ ಹಾಕಿ, ಹಾಳೆಗಳನ್ನು ಒಟ್ಟಿಗೆ ಕವರಿಗೆ ತುಂಬಿ, ಜನರ ತಲೆಗಳ ಮೇಲಿಂದ ಕೈ ಚಾಚಿ ಕೊಟ್ಟಳು. ನಾನೂ ಬಿಚ್ಚಿ ನೋಡಲಿಲ್ಲ. ನನ್ನ ಸ್ನೇಹಿತೆಯ ಎದುರಿಗೇ ಬಿಚ್ಚಬೇಕೆಂಬ ಗತ್ತು. ಎಂ.ಎಸ್. ಪಾಳ್ಯದ ಮೇಲೆ ಹೋಗಿ, ಜಾಲಹಳ್ಳಿಯಲ್ಲಿ ಬಸ್ಸು ಬದಲಿಸಿ, ಶೆಟ್ಟಿಹಳ್ಳಿಯಲ್ಲಿ ಇಳಿದು, ಮೂರು ಮಹಡಿ ಹತ್ತಿದೆ.

ಅವಳೇ ಬಾಗಿಲು ತೆಗೆದು, ಬಾಲ್ಕನಿಗೆ ಹೋಗಿ ಬೆಳಕಿಗೆ ಬೆನ್ನು ಮಾಡಿ ಕೂತಳು. ಸೊರಗಿದ್ದಳು. ನಾನು ಮೊದಲ ಹಾಳೆಯನ್ನು ಅವಳ ತೊಡೆಯ ಮೇಲಿಟ್ಟೆ. ಅವಳು ಕೋಳಿಯ ಹಾಗೆ ಮುಖ ಓರೆ ಮಾಡಿ ನೋಡಿದಳು. ಇನ್ನೊಂದು ಪಕ್ಕಕ್ಕೆ ತಿರುಗಿಸಿ ನೋಡಿದಳು. ಹಾಳೆಯನ್ನು ಎತ್ತಿ ಹತ್ತಿರ ತಂದಳು, ದೂರ ಹಿಡಿದಳು. ಎರಡನೆಯದನ್ನು ಕೊಟ್ಟೆ. ಅದನ್ನೂ ಹಾಗೇ ಮಾಡಿದಳು. ಆಮೇಲೆ ಎರಡನ್ನೂ ನಿಧಾನವಾಗಿ ಜೋಡಿಸಿ ಮಡಿಲಲ್ಲಿಟ್ಟುಕೊಂಡಳು.

“ಓಯ್ತು ಕಣೆ,” ಎಂದಳು. “ಓದ್ವಾರ ಕ್ಯಾಲೆಂಡರ್ ಅಂಕಿ ಕಾಣ್ತಿತ್ತು. ಈಗ ಅದೂ ಇಲ್ಲ ಅಂತಾಯ್ತು.”

ನಾನು ಹಾಳೆ ಕಿತ್ತುಕೊಂಡು ನೋಡಿದೆ. ಅದೇ ನೀರು ಚೆಲ್ಲಿದ ರಂಗೋಲಿ, ಅದೇ ಬೂದಿ. ಕವರಿನಲ್ಲಿದ್ದ ಅಷ್ಟೂ ಪುಟ ಹಾಗೆಯೇ.

“ಲೇ, ನಿನ್ನ ಕಣ್ಣಲ್ಲ ಕಣೆ! ಪೇಜೇ ಮಸುಕಾಗಿದೆ. ನನಗೂ ಕಾಣ್ತಿಲ್ಲ!”

“ಸುಮ್ನಿರು. ಸಮಾಧಾನ ಮಾಡ್ಬೇಡ.”

“ಆಣೆ ಮಾಡ್ತೀನಿ ಕಣೆ. ನನ್ನ ಕಣ್ಣಾಣೆಗೂ.”

“ನಿನ್ನ ಆಣೆ ನಂಗೊತ್ತಿಲ್ವ? ಚುಕ್ಕಿ ಇಟ್ಬಿಟ್ಟು ಗುಡಿಸೋಳು ನೀನು,” ಎಂದಳು. ಅದರಲ್ಲಿ ತಮಾಷೆ ಇರಲಿಲ್ಲ. ಅವಳ ಮಗಳು ಮನೆಯಲ್ಲಿರಲಿಲ್ಲ. ಇದ್ದಿದ್ದರೆ ಸಾಕ್ಷಿ ಕರೆಯುತ್ತಿದ್ದೆ. ಜೀವಮಾನವೆಲ್ಲ ಅವಳಿಗೆ ಸುಳ್ಳು ಹೇಳಿ ನಗಿಸಿದವಳು ನಾನು. ಆವತ್ತು ನಿಜ ಹೇಳಿದರೆ ನಂಬುವವಳು ಅವಳಾಗಿರಲಿಲ್ಲ. ಕಾಫಿ ಕುಡಿಯುವಾಗ ಲೋಟಕ್ಕೆ ಕೈ ಚಾಚಿ ತಡವಿದಳು. ನಾನು ಬಂದಾಗ ಸರಿಯಾಗಿ ಕಣ್ಣಳತೆಯಲ್ಲೇ ಬಾಗಿಲ ಚಿಲಕ ತೆಗೆದವಳು. ಹಾಳೆ ನೋಡಿದ ಮೇಲೆ ಕುರುಡಿಯಾಗಿಬಿಟ್ಟಿದ್ದಳು.

ಹಾಳೆಗಳನ್ನೆಲ್ಲ ಮತ್ತೆ ಕವರಿಗೆ ತುಂಬಿಕೊಂಡು ವಾಪಸು ಬಂದೆ. ಮರುದಿನ ಅಂಗಡಿ ತೆರೆಯುವ ಮುಂಚೆಯೇ ಹೋಗಿ ಶಟರಿನ ಮುಂದೆ ನಿಂತಿದ್ದೆ. ಧಾರವಾಡದವಳು ಹಾಳೆಗಳನ್ನು ನೋಡಿ ಫೈಲು ತೆರೆದಳು, ಚಿತ್ರದ ಮೇಲೆ ಒತ್ತಿದಳು.

“ಅಜ್ಜಿ, ಇದನ್ನ ಫೋನಿನ್ಯಾಗ ಮುಟ್ಟಿದ್ರೇನ್ರಿ?”

“ಒಂದು ಚೂರು ಗೆರೆ ಕೂಡಿಸಿದೆ, ಅಷ್ಟೇ.”

“ಅಯ್ಯಽ ನನ್ನವ್ವ! ನಿಮ್ಮ ಫೋನಿನ್ಯಾಗಿನ ಆ್ಯಪಿಗೆ ಗೆರಿ ಚಿತ್ರ ಗೊತ್ತಾಗಂಗಿಲ್ರಿ. ಉಳಿಸೂ ಮುಂದ ಎಲ್ಲಾನೂ ಸಣ್ಣ ಫೋಟೋ ಮಾಡಿ ಕುಂದರಿಸೈತಿ. ನನಗೊಂದು ಮಾತು ಹೇಳಿದ್ರ ನಾನಽ ಕೂಡಸ್ತಿದ್ನಿಲ್ಲ?”

“ತೆರೆದ ಗೆರೆ ಅವಳ ಮನೆಗೆ ಒಯ್ಯಬಾರ್ದು ಅಂತ…”

ಅವಳು ಬೈಯಲಿಲ್ಲ. ಅವಳ ಹತ್ತಿರ ಬರೆದಿಟ್ಟ ಮೂಲ ಚಿತ್ರಗಳಿದ್ದವು. ದೀಪಾವಳಿಯದನ್ನು ತೆರೆದು, ಬಿಟ್ಟುಕೊಂಡಿದ್ದ ಗೆರೆಯ ಎರಡು ತುದಿಯನ್ನು ಒಂದೇ ಚುಕ್ಕಿಗೆ ಸೇರಿಸಿ, “ಸಾಕೇನ್ರಿ?” ಎಂದಳು. ಪ್ರತಿಯೊಂದನ್ನೂ ಮತ್ತೆ ವರ್ಡಿನೊಳಗೆ ತಂದಳು. ಈ ಸಲ ಅದನ್ನು ಪಿಡಿಎಫ್ ಮಾಡಿ, “ಇನ್ನ ನಿಮ್ಮ ಬೆರಳು ಇದರೊಳಗ ಹೋಗಂಗಿಲ್ಲ,” ಎಂದು ನಕ್ಕು, ನಾನು ನೋಡುತ್ತಿರುವಂತೆಯೇ ಒಂದೊಂದೇ ಹಾಳೆ ಪ್ರಿಂಟು ತೆಗೆದು ಕೈಗೆ ಕೊಟ್ಟಳು. ಕಪ್ಪು ಹಿನ್ನೆಲೆ, ದಪ್ಪ ಬಿಳಿ ಗೆರೆ.

ಆ ದಿನವೇ ಮತ್ತೆ ಬಸ್ಸು ಹತ್ತಿದೆ. ಬಾಗಿಲಿಗೆ ಚಿಲಕ ಹಾಕಿರಲಿಲ್ಲ, ಅವಳು ಮಂಚದಿಂದ ಎದ್ದಿರಲಿಲ್ಲ. “ಬ್ಯಾಡ ಕಣೆ, ತಕ್ಕಂಡೋಗು,” ಎಂದಳು. ನಾನು ಹಾಳೆಯನ್ನು ಅವಳ ಮುಖದ ಪಕ್ಕಕ್ಕೆ, ಅವಳಿಗೆ ಕಾಣುವ ಓರೆಗೆ ಹಿಡಿದು ನಿಂತೆ. ಅವಳ ತೋರುಬೆರಳು ಹೊದಿಕೆಯೊಳಗಿಂದ ಹೊರಗೆ ಬಂತು.

“ಇದು ರಥಸಪ್ತಮೀದು,” ಎಂದಳು.

ಮುಂದಿನದು.

“ಈ ಬಳ್ಳಿ ನಂದು. ನೀನು ನೋಡಿ ಕದ್ದಿದ್ದು.”

“ನಾನು ಕದ್ದಿದ್ದಾ? ನನ್ನ ತೌರುಮನೆಯಿಂದ ತಂದಿದ್ದು ಕಣೆ ಅದು!”

“ನಿನ್ ತೌರ್ಮನೇಲಿ ಬಸಳೆ ಬಳ್ಳಿ ಬಿಟ್ರೆ ಏನ್ ಬಳ್ಳಿ ಬಿಡಾಕ್ ಬತ್ತಿತ್ತು ನಿಮ್ಗೆ?” ಎಂದು ಎದ್ದು ಕೂತಳು. ಹಾಳೆಗಳನ್ನೆಲ್ಲ ಮಂಚದ ಮೇಲೆ ಹರಡಿಸಿದಳು. ಕೋಳಿಯ ಹಾಗೆ ಮುಖ ತಿರುಗಿಸಿ ತಿರುಗಿಸಿ ನೋಡಿದಳು. ಫೋನಿನಲ್ಲಿ ನನ್ನ ಬೆರಳು ಮಾಡಿದ ಅವಾಂತರ ಹೇಳಿದರೆ ಅದಕ್ಕೂ ಬೈದಳು. ಸಂಜೆ ಮಗಳು ಬಂದಾಗ ನಾವಿಬ್ಬರೂ ಜಗಳವಾಡುತ್ತಿದ್ದೆವು.

ಆಮೇಲೆ ಕೆಲವು ತಿಂಗಳು ಹಾಗೆಯೇ ನಡೆಯಿತು. ಸ್ವಲ್ಪ ದಿನ ಕಳೆದರೆ ಫೋನು ಬರುತ್ತಿತ್ತು: “ಇನ್ನೊಸಿ ದೊಡ್ಡದು ಮಾಡಿಸೇ.” ಧಾರವಾಡದವಳಿಗೆ ಅದು ಕಷ್ಟದ ಕೆಲಸವಾಗಿರಲಿಲ್ಲ, ಪುಟದ ಅಳತೆ ಬದಲಿಸಿ, ಚಿತ್ರದ ಮೂಲೆ ಹಿಡಿದು ಎಳೆಯುತ್ತಿದ್ದಳು. ಮೊದಲು ಒಂದು ಹಾಳೆ, ಆಮೇಲೆ ಅದರ ಎರಡರಷ್ಟು, ಆಮೇಲೆ ಪಕ್ಕದ ಫ್ಲೆಕ್ಸ್ ಅಂಗಡಿಗೆ ಫೈಲು ಕಳಿಸಿ ಮಾಡಿಸಿದ ಉದ್ದದ ಸುರುಳಿ. ಸುರುಳಿ ಹಿಡಿದು ಬಸ್ಸು ಹತ್ತಿದಾಗ ಕಂಡಕ್ಟರ್ ಕೇಳಿದ:

“ಏನಜ್ಜಿ, ಎಲೆಕ್ಷನ್ ಬ್ಯಾನರಾ?”

“ಹೂಂ ಕಣಪ್ಪ. ನಾನೇ ನಿಂತಿರೋದು. ಓಟು ಹಾಕ್ತೀಯಾ?”

ಎಷ್ಟು ದೊಡ್ಡದು ಮಾಡಿದರೂ ಗೆರೆ ಕೆಡಲಿಲ್ಲ. ಅವಳ ಕಣ್ಣಿನ ನಡುವಿನ ಆ ಒರೆಸಿದ ಜಾಗ ಮಾತ್ರ ಅದಕ್ಕಿಂತ ಬೇಗ ಹರಡುತ್ತಿತ್ತು. ಮೊದಲು ಹೂವಿನ ಹೆಸರು ಹೇಳುತ್ತಿದ್ದವಳು ಆಮೇಲೆ ದಳ ಮಾತ್ರ ಎಣಿಸುತ್ತಿದ್ದಳು. ಆಮೇಲೆ ಕಪ್ಪು ಬಿಳಿ ಇದೆ ಎನ್ನುತ್ತಿದ್ದಳು. ಜಗಳವೂ ಕಡಿಮೆಯಾಯಿತು. ನಾನು ಬೇಕೆಂದೇ ಅವಳ ರಂಗೋಲಿಯನ್ನು ನನ್ನದೆನ್ನುತ್ತಿದ್ದೆ. “ಇರ್ಬೌದು,” ಎನ್ನುತ್ತಿದ್ದಳು. ಅದನ್ನು ಕೇಳಿ ಬಸ್ಸಿನಲ್ಲಿ ವಾಪಸು ಬರುವುದು ಬಹಳ ಉದ್ದದ ದಾರಿಯೆನಿಸುತ್ತಿತ್ತು.

ಕೊನೆಯ ಸಲ ಒಯ್ದದ್ದು ಗೋಡೆಯ ಅರ್ಧದಷ್ಟಿತ್ತು, ಸಂಕ್ರಾಂತಿಯ ಕಬ್ಬಿನ ರಂಗೋಲಿ. ಅವಳ ಮಗಳೂ ನಾನೂ ಎರಡು ತುದಿ ಹಿಡಿದು ಅವಳ ಮುಂದೆ ನಿಂತೆವು. ಅವಳು ಮುಖವನ್ನು ಆ ಕಡೆ ತಿರುಗಿಸಿದಳು, ಈ ಕಡೆ ತಿರುಗಿಸಿದಳು. ಕತ್ತು ಬಗ್ಗಿಸಿ ನೋಡಿದಳು. ಮಗಳು ನನ್ನನ್ನು ನೋಡಿದಳು, ನಾನು ನೆಲ ನೋಡಿದೆ.

“ಈ ಸಲ ಪೇಜು ಮಸುಕಾಗೈತೆ ಕಣೆ,” ಎಂದಳು ಅವಳು. ದನಿ ತೀರ ಸಾದಾ ಇತ್ತು. “ಮತ್ತೆ ಫೋನಲ್ಲೇನಾರ ಒತ್ತಿದ್ಯಾ?”

ಅವಳ ಮಗಳು ಬಾಯಿ ತೆರೆದಳು. ನಾನು ಬೇಡವೆಂದು ತಲೆಯಾಡಿಸಿದೆ.

“ಹೌದು ಕಣೆ,” ಎಂದೆ. “ಬೆರಳು ಸುಮ್ನಿರಲ್ಲ ನಂದು. ಏನೋ ಒತ್ಬಿಟ್ಟೆ.”

“ನಿನ್ ಬೆರ್ಳಿಗೆ ಬೆಂಕಿ ಆಕ. ಸರಿ ಮಾಡಿಸ್ಕಂಡ್ ಬಾ.”

“ತರ್ತೀನಿ.”

ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಬಂದೆ. ಜಾಲಹಳ್ಳಿಯ ಸ್ಟಾಪಿನಲ್ಲಿ ಬಸ್ಸು ತಡವಾಯಿತು. ಬೆಂಚಿನ ಮೇಲೆ ಕೂತು ಅದರ ಒಂದು ತುದಿ ಬಿಚ್ಚಿ ನೋಡಿದೆ. ಕಬ್ಬಿನ ಗಿಣ್ಣು, ಎಲೆಯ ತುದಿ, ಒಂದೊಂದೂ ಸ್ಪಷ್ಟವಾಗಿತ್ತು.

ಮಧ್ಯಾಹ್ನ ಅಂಗಡಿಗೆ ಹೋದೆ. ಧಾರವಾಡದವಳು ಸ್ಟೂಲು ಎಳೆದಳು.

“ಅವ್ರಿಗೆ ಕಂಡ್ತೇನ್ರಿ ಅಜ್ಜಿ?”

“ಇಲ್ಲ.”

ಅವಳು ಸುರುಳಿಯ ಕಡೆ ನೋಡಿದಳು, ತೆರೆಯ ಕಡೆ ನೋಡಿದಳು. “ಮತ್ತ ಈಗ?”

“ಪೇಜು ಮಸುಕಾಗಿದೆ, ಸರಿ ಮಾಡಿಸಿ ತರ್ತೀನಿ ಅಂದಿದೀನಿ. ಫೈಲು ತೆಗಿಯಮ್ಮ, ಇನ್ನೂ ದೊಡ್ಡದು ಮಾಡು.”

“ಎಷ್ಟು ದೊಡ್ಡದ್ರಿ?”

“ನಿನ್ನ ಕಂಪ್ಯೂಟರು ಎಷ್ಟು ಮಾಡ್ತದೋ ಅಷ್ಟು,” ಎಂದೆ. ಅವಳು ಚಿತ್ರದ ಮೂಲೆ ಹಿಡಿದು ಎಳೆಯತೊಡಗಿದಳು.